ಮೀನಖಂಡ ದಪ್ಪ ಇದ್ರೆ ಕಾಲಲ್ಲಿ ಶಕ್ತಿ ಇದೆ ಅಂತಲ್ಲ

ಸಂಪಾದಕರೇ,

ಅಂಗವಿಕಲರ ತಪಾಸಣಾ ಶಿಬಿರ ಯಶಸ್ವಿ ಅಂತ ಮೊನ್ನೆ ಫೋಟೋ ಸಮೇತ ಹಾಕಿದ್ರಲ್ಲ, ಆ ಶಿಬಿರಕ್ಕೆ ನನ್ನ ಮಗನ್ನ ಕರ್ಕೊಂಡು ಹೋಗಿದ್ದೆ. ಅಲ್ಲಿ ಏನಾಯ್ತು ಅನ್ನೋದನ್ನೂ ಹಾಕಿ. ಶಿಬಿರ ಇಟ್ಟಿದ್ದು ಮೊದಲ್ನೇ ಮಹಡೀಲಿ. ಲಿಫ್ಟ್ ಕೆಟ್ಟು ಯಾವ ಕಾಲ ಆಯ್ತೋ ಏನೋ, ಅದರ ಬಾಗಿಲಿಗೆ ತುಕ್ಕು ಹಿಡಿದ ಮಂಚ ಒರಗಿಸಿಟ್ಟಿದಾರೆ. ನಡೆಯೋಕಾಗದೋರಿಗೆ ಅಂತಲೇ ಮಾಡೋ ಶಿಬಿರಕ್ಕೆ ಮೆಟ್ಟಿಲು ಹತ್ಕೊಂಡು ಬನ್ನಿ ಅಂದ್ರೆ ಅದು ಯಾರಿಗೆ ಯಶಸ್ವಿ?

ನನ್ನ ಮಗನಿಗೆ ಹತ್ತು ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಡಿಎಂಡಿ ಅಂತಾರೆ. ಸ್ನಾಯು ಕಾಪಾಡೋ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನೇ ಇವರ ಮೈಯಲ್ಲಿ ಸರಿಯಾಗಿ ತಯಾರಾಗಲ್ಲ, ಸ್ನಾಯು ಸವೀತಾನೇ ಹೋಗುತ್ತೆ, ಸವೆದಿದ್ದು ವಾಪಸ್ ಬರಲ್ಲ. ಕಷ್ಟ ನೋಡಿ ಒಬ್ಬ ಸಿಬ್ಬಂದಿ ಎತ್ಕೊಂಡು ಹೋಗೋಣ ಅಂತ ಕಂಕುಳಿಗೆ ಕೈ ಹಾಕಿದ್ರು, ಬೇಡ ಬೇಡ ಅಂತ ನಾನು ಕೂಗೋದ್ರಲ್ಲಿ ಎತ್ತೇಬಿಟ್ರು. ಈ ಮಕ್ಕಳ ಭುಜದಲ್ಲೂ ಬಿಗಿ ಇರಲ್ಲ, ಕಂಕುಳಲ್ಲಿ ಹಿಡಿದು ಎತ್ತಿದ್ರೆ ಭುಜ ಮೇಲಕ್ಕೆ ಹೋಗಿ ಮೈ ಕೆಳಕ್ಕೆ ಜಾರುತ್ತೆ. ಹಾಗೇ ಜಾರಿದ, ಮೊಣಕಾಲು ತರಚಿತು. ಸ್ಟೀರಾಯ್ಡ್ ತಗೊಳ್ಳೋ ಮಗು, ಮೂಳೆ ಮೊದಲೇ ಮೆದು, ಮುರಿದಿದ್ರೆ ಏನು ಗತಿ? ನಡೆಯೋ ಡಿಎಂಡಿ ಮಗು ಕಾಲು ಮುರ್ಕೊಂಡು ಮಲಗಿದ್ರೆ ಎಷ್ಟೋ ಸಲ ಮತ್ತೆ ನಡೆಯೋದೇ ಇಲ್ಲ.

ಮೇಲೆ ಹೋದ್ರೆ ಡಾಕ್ಟ್ರು ಅವನ ಕಾಲು ನೋಡಿ "ಮೀನಖಂಡ ಎಷ್ಟು ಗಟ್ಟಿಯಾಗಿದೆ, ಇವನಿಗೇನಮ್ಮ ಆಗಿದೆ" ಅಂದ್ರು. ಅದೇ ಈ ಕಾಯಿಲೆಯ ಗುರುತು! ಸ್ನಾಯು ಇರೋ ಜಾಗದಲ್ಲಿ ಕೊಬ್ಬು, ನಾರು ತುಂಬ್ಕೊಂಡು ದಪ್ಪ ಕಾಣೋದು ಅದು. ಒಂದ್ಸಲ ನೆಲದ ಮೇಲೆ ಕೂರಿಸಿ ಏಳು ಅನ್ನಿ ಸಾರ್ ಅಂದೆ. ಮೊದಲು ಬೋರಲು ತಿರುಗ್ತಾನೆ, ಕೈ ಊರಿ ಸೊಂಟ ಎತ್ತುತಾನೆ, ಆಮೇಲೆ ಮೊಣಕಾಲ ಮೇಲೆ ಕೈ, ತೊಡೆ ಮೇಲೆ ಕೈ, ತನ್ನ ಮೈಯನ್ನೇ ಏಣಿ ಥರ ಹತ್ತಿ ನಿಲ್ತಾನೆ. ಇದನ್ನ ನೋಡಿದ್ರೆ ಸಾಕಿತ್ತು, ನೋಡಲಿಲ್ಲ. ನಿಮ್ಹಾನ್ಸಿನ ಫೈಲ್ ಇತ್ತು, ಜೆನೆಟಿಕ್ ರಿಪೋರ್ಟ್ ಇತ್ತು, ಸ್ನಾಯು ಹಾಳಾದಾಗ ರಕ್ತದಲ್ಲಿ ಏರೋ ಸಿಪಿಕೆ ಹತ್ತು ಸಾವಿರ ದಾಟಿದ ರಿಪೋರ್ಟ್ ಇತ್ತು, ಸಾಮಾನ್ಯವಾಗಿ ಅದು ಸುಮಾರು ಇನ್ನೂರರ ಒಳಗೇ ಇರೋದು. ಫೈಲಿನ ದಾರ ಕೂಡ ಬಿಚ್ಚಲಿಲ್ಲ.

ಪಕ್ಕದಲ್ಲಿ ಬರ್ಕೊಳ್ತಿದ್ದೋರು ಎಲ್ಲರೆದುರಿಗೆ ಕೇಳ್ತಾರೆ, ಸೋದರಮಾವನ್ನ ಮದುವೆ ಆಗಿದ್ದಾ ಅಂತ. ಸಂಬಂಧದಲ್ಲಿ ಮದುವೆ ಆಗೋದ್ರಿಂದ ಬರೋ ಕಾಯಿಲೆ ಅಲ್ಲ ಇದು, ಎಕ್ಸ್ ಕ್ರೋಮೋಸೋಮಿನ ದೋಷ, ಮೂರರಲ್ಲಿ ಒಂದು ಮಗುವಿಗೆ ತಾಯಿಯಿಂದಲೂ ಬಂದಿರಲ್ಲ, ಹೊಸದಾಗಿ ಆಗಿರುತ್ತೆ. ಅಷ್ಟೂ ಗೊತ್ತಿಲ್ಲದೆ ತಾಯಂದಿರಿಗೆ ಚುಚ್ಚೋದು ಯಾಕೆ, ಮನೇಲಿ ಕೇಳಿದ್ದು ಸಾಲದಾ?

ಕೊನೆಗೆ ಸರ್ಟಿಫಿಕೇಟಲ್ಲಿ ಬರೆದಿದ್ದು 35 ಪರ್ಸೆಂಟ್ ಅಂಗವೈಕಲ್ಯ, ಅದೂ ತಾತ್ಕಾಲಿಕ. 40 ಇಲ್ಲ ಅಂದ್ರೆ ಸವಲತ್ತು ಸಿಗಲ್ಲ ಅಂತ ಅವರಿಗೆ ಗೊತ್ತಿಲ್ವಾ? ದಿನೇದಿನೇ ಜಾಸ್ತಿ ಆಗೋ ಕಾಯಿಲೆಗೆ ತಾತ್ಕಾಲಿಕ ಅಂದ್ರೆ ಏನರ್ಥ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೇಲಿ 21 ಅಂಗವೈಕಲ್ಯ ಪಟ್ಟಿ ಮಾಡಿದಾರೆ, ಮಸ್ಕ್ಯುಲರ್ ಡಿಸ್ಟ್ರೋಫಿ ಅಂತ ಹೆಸರು ಹಾಕೇ ಬರೆದಿದೆ. ಅಪರೂಪದ ಕಾಯಿಲೆ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ, ಹುಟ್ಟೋ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬರಿಗೆ ಬರುತ್ತೆ, ನಮ್ಮ ತಾಲೂಕಲ್ಲೇ ಇನ್ನೂ ಎಷ್ಟು ಮನೇಲಿ ಇದೆಯೋ.

ಈ ಊರಲ್ಲಿ ಯಾವುದು ಸರಿ ಇದೆ ಹೇಳಿ. ತಾಲೂಕು ಆಫೀಸಿನ ರ‍್ಯಾಂಪ್ ಮೇಲೆ ಅಲ್ಲಿನ ಸಿಬ್ಬಂದಿದೇ ಬೈಕು. ಕೇಳಿದ್ರೆ ಹಿಂದಿನ ಸಾಹೇಬ್ರು ತೆಗೆಸ್ತೀನಿ ಅಂದಿದ್ರು, ಅವರಿಗೇ ಟ್ರಾನ್ಸ್‌ಫರ್ ಆಯ್ತು. ನಮ್ಮ ರೋಡಂತೂ ಯುಜಿಡಿಗೆ, ಅಂದ್ರೆ ಒಳಚರಂಡಿಗೆ ಅಂತ ಅಗೆದು ಹೋದೋರು ಮಣ್ಣು ಕೂಡ ಸರಿಯಾಗಿ ಮುಚ್ಚಿಲ್ಲ, ನಾಳೆ ನನ್ನ ಮಗ ವೀಲ್‌ಚೇರಿಗೆ ಬಂದ್ರೆ ಅದನ್ನ ತಳ್ಕೊಂಡು ಎಲ್ಲಿಗೆ ಹೋಗ್ಲಿ? ಪಕ್ಕದ ಮನೆ ಅಜ್ಜಿಯ ಪೆನ್ಶನ್ ನಿಂತು ಎಷ್ಟೋ ದಿನ ಆಯ್ತು, ಆಧಾರ್ ಲಿಂಕ್ ಇಲ್ಲ ಅಂತ ಇವತ್ತಿಗೂ ಅಲೆದಾಡಿಸ್ತಿದಾರೆ.

ಅಧಿಕಾರಿಗಳೇ, ಶಿಬಿರ ಇನ್ನೊಂದ್ಸಲ ಮಾಡಿ, ಕೆಳಗಡೆ ಮಾಡಿ, ಸ್ನಾಯು ಕಾಯಿಲೆ ಗೊತ್ತಿರೋ ಡಾಕ್ಟ್ರನ್ನ ಜಿಲ್ಲೆಯಿಂದ ಕರೆಸಿ, ಇಲ್ಲಾ ಇಂಥ ಮಕ್ಕಳ ಮನೆಗೇ ಬಂದು ನೋಡಿ. ಲಿಫ್ಟ್ ರಿಪೇರಿ ಮಾಡಿಸಿ. ಅದೂ ಆಗಲ್ಲ ಇದೂ ಆಗಲ್ಲ ಅಂದ್ರೆ ಆ ಕುರ್ಚೀಲಿ ಯಾಕೆ ಕೂತಿದೀರಾ, ಎದ್ದು ಹೋಗಿ. ನಾಚಿಕೆ ಆಗ್ಬೇಕು.

ಇಂತಿ,
ಡಿಎಂಡಿ ಇರೋ ಮಗುವಿನ ತಾಯಿ