ಸ್ಟುಟ್‌ಗಾರ್ಟ್ ಸೇರಿದ ಮಗಳಿಗೂ ಅಳಿಯಂದಿರಿಗೂ ದೊಡ್ಡಮ್ಮನ ಪತ್ರ

ಧಾರವಾಡ

ಪ್ರೀತಿಯ ಮಗಳಿಗೂ ಅಳಿಯಂದಿರಿಗೂ ಕರ್ತನ ನಾಮದಲ್ಲಿ ದೊಡ್ಡಮ್ಮನ ವಂದನೆಗಳು.

ಮನೆ ಸಿಕ್ಕಿತು, ಮುಂದಿನ ವಾರ ಆಸ್ಪತ್ರೆಯ ಕೆಲಸ ಶುರು ಎಂದು ನಿಮ್ಮಮ್ಮ ಹೇಳಿದಳು. ಸಮಾಧಾನ ಆಯಿತು. ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಜೊತೆಗೆ ಕೂತು ಓದಿ.

ಹೊಸ ಮನೆಗೆ ಹೋದ 14 ದಿನದೊಳಗೆ ಬ್ಯುರ್ಗರ್‌ಬ್ಯೂರೋಗೆ, ಅಂದರೆ ನಗರಾಡಳಿತದ ಜನಸೇವಾ ಕಚೇರಿಗೆ, ಹೋಗಿ ವಿಳಾಸ ಬರೆಸಬೇಕು. ಮನೆ ಮಾಲೀಕರು ಸಹಿ ಹಾಕಿದ ಪತ್ರ ಮರೆಯಬೇಡಿ. ಅಲ್ಲಿನ ಫಾರಮ್ಮಿನಲ್ಲಿ ನಿಮ್ಮ ಧರ್ಮ ಯಾವುದು ಎಂದು ಕೇಳುತ್ತಾರೆ. ಹೊಸದಾಗಿ ಹೋದ ನಮ್ಮವರಿಗೆ ಮೊದಲ ಗೊಂದಲ ಆಗುವುದೇ ಅಲ್ಲಿ.

‘ಇವಾಂಗೆಲಿಶ್’ (ಪ್ರೊಟೆಸ್ಟೆಂಟ್) ಎಂದು ಬರೆಸಿದರೆ ಅಲ್ಲಿನ ಕ್ರೈಸ್ತ ಸಭೆಗೆ ಸೇರಿದವರಾಗುತ್ತೀರಿ. ಆಮೇಲೆ ಸಂಬಳದಲ್ಲೇ ಸಭೆಯ ತೆರಿಗೆ ಮುರಿದುಕೊಳ್ಳುತ್ತಾರೆ. ನಿಮ್ಮ ರಾಜ್ಯ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಅದು ಶೇ. 8. ಸಂಬಳದ ಶೇ. 8 ಅಲ್ಲ, ನೀವು ಕಟ್ಟುವ ಆದಾಯ ತೆರಿಗೆಯ ಶೇ. 8. ತಿಂಗಳಿಗೆ 300 ಯೂರೋ ಆದಾಯ ತೆರಿಗೆ ಹೋದರೆ ಸಭೆಗೆ 24 ಯೂರೋ ಹೋಗುತ್ತದೆ. ‘ಏನೂ ಬರೆಸಬೇಡಿ, ಸುಮ್ನೆ ದುಡ್ಡು ಹೋಗುತ್ತೆ’ ಎಂದು ನಮ್ಮ ದೇಶದವರೇ ಯಾರಾದರೂ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರು ಕೌಂಟರಿನ ಮುಂದೆ ನಿಂತು ನಮಗೆ ಧರ್ಮ ಇಲ್ಲ ಎಂದು ಬರೆಸುವುದೇ? ಊರಲ್ಲಿ ದಶಮಾಂಶ ಕೊಡುತ್ತಿದ್ದ ಮನೆ ನಮ್ಮದು. ಅಲ್ಲಿ ಈ ತೆರಿಗೆಯ ಹಣದಲ್ಲಿ ಸಭಾಪಾಲಕರ ಸಂಬಳ ನಡೆಯುತ್ತದೆ, ಮಕ್ಕಳ ಶಾಲೆಗೂ ಮುದುಕರ ಆರೈಕೆಗೂ ಸ್ವಲ್ಪ ಹೋಗುತ್ತದೆ. ಸಭೆಯ ಹಿರಿಯರನ್ನು ಆರಿಸುವ ಚುನಾವಣೆಯಲ್ಲಿ ನಿಮಗೂ ಮತ ಇರುತ್ತದೆ. ನಾಳೆ ಮಗುವಿನ ದೀಕ್ಷಾಸ್ನಾನಕ್ಕೂ ನಿಮ್ಮದೇ ಸಭೆ ಇರುತ್ತದೆ.

ಸ್ವತಂತ್ರ ಸಭೆಗೇ ಹೋಗುತ್ತೇವೆ ಎನ್ನುವುದಾದರೆ ಅದು ಬೇರೆ ಮಾತು. ಅವು ಕಾಣಿಕೆಯ ಮೇಲೆ ನಡೆಯುತ್ತವೆ, ತೆರಿಗೆ ಇಲ್ಲ. ಯಾವುದೇ ಆಗಲಿ, ಕಚೇರಿಗೆ ಹೋಗುವ ಮೊದಲೇ ಇಬ್ಬರೂ ಪ್ರಾರ್ಥನೆ ಮಾಡಿ ತೀರ್ಮಾನಿಸಿ. ಆಮೇಲೆ ಹೆಸರು ತೆಗೆಸಬೇಕೆಂದರೆ ಸ್ಟಾಂಡೆಸ್‌ಅಮ್ಟ್‌ಗೆ (ಜನನ, ಮದುವೆ ನೋಂದಾಯಿಸುವ ಕಚೇರಿ) ಹೋಗಿ, ಸಭೆ ಬಿಡುತ್ತೇನೆಂದು ಹೇಳಿಕೆ ಕೊಟ್ಟು, ಅದಕ್ಕೂ ಶುಲ್ಕ ಕಟ್ಟಬೇಕು.

ಇನ್ನು ಭಾನುವಾರದ ಆರಾಧನೆ. ನಮ್ಮ ಕಡೆಗೆ ಮಿಷನರಿಗಳು ಬಂದದ್ದು ಆ ನಾಡಿನಿಂದಲೇ ಎಂದು ದೊಡ್ಡ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರು ವ್ಯುರ್ಟೆಂಬರ್ಗ್‌ನಲ್ಲೂ ಇತ್ತು ನಿಜ. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ನಿಮಗೆ ಹತ್ತಿರ. ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಪಕ್ಕದ ಟ್ಯೂಬಿಂಗೆನ್‌ನಲ್ಲಿ. ಆದರೆ ಬೆಂಚಿನಲ್ಲಿ ನಿಮ್ಮ ಪಕ್ಕ ಕೂತವರಿಗೆ ಇದೆಲ್ಲ ಗೊತ್ತಿರುವುದು ಕಡಿಮೆ. ‘ನೀವು ಯಾವಾಗ ಕ್ರೈಸ್ತರಾದಿರಿ?’ ಎಂದು ಕೇಳಬಹುದು. ಬೇಜಾರು ಮಾಡಿಕೊಳ್ಳಬೇಡಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳ ಕಥೆ ಸಮಾಧಾನದಿಂದ ಹೇಳಿ. ಕೇಳಿ ಖುಷಿ ಪಡುವವರೇ ಜಾಸ್ತಿ.

ಸಾಮಾನ್ಯ ಭಾನುವಾರ ಗುಡಿಯಲ್ಲಿ ಜನ ಕಡಿಮೆ, ಇದ್ದವರಲ್ಲಿ ವಯಸ್ಸಾದವರೇ ಹೆಚ್ಚು. ಆರಾಧನೆ ಮುಗಿದ ಮೇಲೆ ಕೈ ಕುಲುಕಿ ಹೊರಡುತ್ತಾರೆ. ನಮ್ಮಲ್ಲಿಯ ಹಾಗೆ ‘ಯಾವ ಮನೆಯವರು, ಊಟಕ್ಕೆ ಬನ್ನಿ’ ಎಂದು ಯಾರೂ ಎಳೆದುಕೊಂಡು ಹೋಗುವುದಿಲ್ಲ. ಅದು ತಿರಸ್ಕಾರ ಅಲ್ಲ ಮಗಳೇ, ತಾವಾಗಿ ಮೇಲೆ ಬೀಳಬಾರದು ಎನ್ನುವುದು ಅವರ ಮರ್ಯಾದೆ. ನೀವೇ ಮುಂದೆ ಹೋಗಿ. ಪಾಸ್ಟರನ್ನು ಕಂಡು ಹೆಸರು ಹೇಳಿ, ಹಾಡುವ ತಂಡ ಇದ್ದರೆ ಸೇರಿಕೊಳ್ಳಿ. ನಮ್ಮ ಸಂಗೀತ ಪುಸ್ತಕದ ಎಷ್ಟೋ ರಾಗಗಳು ಅಲ್ಲಿಂದ ಬಂದವೇ ಅಲ್ವಾ? ರಾಗ ಗೊತ್ತಿದ್ದರೆ ಮಾತು ಬೇಗ ಬರುತ್ತದೆ. ಸ್ಟುಟ್‌ಗಾರ್ಟ್‌ನಲ್ಲೇ ಇ.ಎಂ.ಎಸ್. ಎಂಬ ಮಿಷನ್ ಒಕ್ಕೂಟದ ಕಚೇರಿ ಇದೆ, ನಮ್ಮ ಸಿ.ಎಸ್.ಐ. ಅದರ ಸದಸ್ಯ ಸಭೆ. ಅಲ್ಲೂ ಒಮ್ಮೆ ಹೋಗಿ ಪರಿಚಯ ಹೇಳಿಕೊಳ್ಳಿ. ಭಾರತದವರ ಪ್ರಾರ್ಥನಾ ಕೂಟ ಸಿಕ್ಕರೆ ಅದಕ್ಕೂ ಹೋಗಿ, ಆದರೆ ಅದೊಂದರಲ್ಲೇ ಉಳಿದುಬಿಡಬೇಡಿ.

ಮಗಳೇ, ಆಸ್ಪತ್ರೆಯ ಕೆಲಸ ನಮ್ಮಲ್ಲಿಯ ಹಾಗೆ ಇರುವುದಿಲ್ಲ. ಇಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು ಮನೆಯವರ ಇಲ್ಲವೇ ಆಯಾಗಳ ಪಾಲು. ಅಲ್ಲಿ ಅದು ನರ್ಸ್ ಕೆಲಸ. ನಿನ್ನ ಸರ್ಟಿಫಿಕೇಟಿಗೆ ಅಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಕೆಲಸವೇ ಕೊಡುತ್ತಾರೆ. ಬಿ.ಎಸ್ಸಿ. ಓದಿದವಳು ನಾನು ಎಂದು ಮನಸ್ಸು ಚಿಕ್ಕದು ಮಾಡಿಕೊಳ್ಳಬೇಡ. ನಮ್ಮ ಕರ್ತನು ಶಿಷ್ಯರ ಕಾಲು ತೊಳೆದನು. ಇನ್ನೊಂದು, ನೀನು ಪರೀಕ್ಷೆಗೆ ಕಲಿತ ಜರ್ಮನ್ ಬೇರೆ, ಅಲ್ಲಿನ ಅಜ್ಜಿಯರು ಮಾತಾಡುವ ಶ್ವೇಬಿಶ್ ಬೇರೆ. ಅರ್ಥ ಆಗದಿದ್ದರೆ ಮತ್ತೆ ಕೇಳು. ನಾಚಿಕೊಂಡು ‘ಯಾ, ಯಾ’ ಎಂದು ತಲೆ ಆಡಿಸಬೇಡ. ಔಷಧದ ವಿಷಯದಲ್ಲಿ ಅದು ಪ್ರಾಣಕ್ಕೇ ಬರುತ್ತದೆ.

ಅಳಿಯಂದಿರೇ, ನಿಮಗೆ ಸ್ವಲ್ಪ ಸಲಿಗೆಯಿಂದ ಹೇಳುತ್ತೇನೆ. ಹೆಂಡತಿ ದುಡಿಯುವುದು, ನೀವು ಮನೆಯಲ್ಲಿ ಇರುವುದು ಮೊದಮೊದಲು ಚುಚ್ಚುತ್ತದೆ. ಊರಿನವರ ಮಾತು ಇನ್ನೂ ಜಾಸ್ತಿ ಚುಚ್ಚುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದೆ, ಆದರೆ ಭಾಷೆ ಇಲ್ಲದೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಪಾಸು ಮಾಡಿದ ಎ1, ಅಂದರೆ ಜರ್ಮನ್‌ನ ಮೊದಲ ಹಂತ, ಸಾಲದು. ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ತರಗತಿಗೆ ಸೇರಿ, ಈ ತಿಂಗಳೇ ಸೇರಿ. ಅವಳು ನೈಟ್ ಡ್ಯೂಟಿ ಮುಗಿಸಿ ಬಂದಾಗ ಬಿಸಿ ಅನ್ನ ಸಾರು ಮಾಡಿಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಅಲ್ಲಿ ನೀವಿಬ್ಬರೇ. ಜಗಳ ಆದರೆ ‘ಸಾಕು ಬಿಡ್ರಿ’ ಎನ್ನಲು ಪಕ್ಕದ ಕೋಣೆಯಲ್ಲಿ ಹಿರಿಯರು ಇರುವುದಿಲ್ಲ. ಇದೇ ನನಗೆ ದೊಡ್ಡ ಚಿಂತೆ. ಪ್ರತಿ ಮಾತನ್ನೂ ಫೋನಿನಲ್ಲಿ ಊರಿಗೆ ತಲುಪಿಸಬೇಡಿ. ನೀವು ರಾಜಿ ಆದ ಮೇಲೂ ಇಲ್ಲಿಯವರು ವಾರಗಟ್ಟಲೆ ಅದನ್ನೇ ನೆನೆಯುತ್ತಾರೆ. ಶಿಫ್ಟ್ ಕೆಲಸದಲ್ಲಿ ಕುಟುಂಬ ಪ್ರಾರ್ಥನೆಗೆ ಹೊತ್ತು ಹೊಂದುವುದಿಲ್ಲ. ರಾತ್ರಿ ಎಂಟು ಗಂಟೆಗೇ ಆಗಬೇಕೆಂದಿಲ್ಲ, ಬೆಳಗಿನ ಚಹಾದ ಹೊತ್ತಿಗೆ ಒಂದು ಕೀರ್ತನೆ ಓದಿ. ಊರಿಗೆ ಎಷ್ಟು ಹಣ ಕಳಿಸಬೇಕು ಎಂಬುದನ್ನೂ ಇಬ್ಬರೂ ಸೇರಿ ಮೊದಲೇ ಗೊತ್ತು ಮಾಡಿಕೊಳ್ಳಿ. ಕೇಳುವವರು ಬಹಳ ಇರುತ್ತಾರೆ, ಅವರಲ್ಲಿ ನಮ್ಮ ಮನೆಯವರೂ ಇರುತ್ತಾರೆ.

ಚಿಕ್ಕ ಸಂಗತಿಗಳು ಬೇಗ ಅಭ್ಯಾಸ ಆಗುತ್ತವೆ. ಭಾನುವಾರ ಅಂಗಡಿ ಇಲ್ಲ, ಶನಿವಾರವೇ ಸಾಮಾನು ತನ್ನಿ. ಭಾನುವಾರ ಗೋಡೆಗೆ ಮೊಳೆ ಹೊಡೆಯಬೇಡಿ. ಬಾಗಿಲಿಗೆ ‘ಕೇರ್‌ವೋಖೆ’ ಫಲಕ ನೇತುಹಾಕಿದರೆ ಆ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು. ಒಗ್ಗರಣೆ ಹಾಕಿದ ಮೇಲೆ, ಎಷ್ಟೇ ಚಳಿ ಇರಲಿ, ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಿ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿದು ಮಾಲೀಕರ ಜೊತೆ ತಕರಾರು ಆಗುತ್ತದೆ. ಟಿ.ವಿ. ಇಲ್ಲದಿದ್ದರೂ ರೇಡಿಯೋ-ಟಿ.ವಿ. ಶುಲ್ಕದ ಪತ್ರ ಬರುತ್ತದೆ, ಮನೆಗೊಂದು ಕಟ್ಟಲೇಬೇಕು. ರಾತ್ರಿ ಹುಷಾರಿಲ್ಲದಿದ್ದರೆ 116117ಕ್ಕೆ ಫೋನ್ ಮಾಡಿ. ಪ್ರಾಣಾಪಾಯ ಎನಿಸಿದರೆ 112.

ಕ್ರಿಸ್ಮಸ್ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಮುಖ್ಯವಾದದ್ದು ಡಿಸೆಂಬರ್ 24ರ ಸಂಜೆ. ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಎಲ್ಲರೂ ತಮ್ಮ ತಮ್ಮ ಮನೆ ಸೇರುತ್ತಾರೆ. ಮನೆ ಮನೆಗೆ ಹೋಗಿ ಕ್ಯಾರೋಲ್ ಹಾಡಿ ಬೆಳೆದ ನಿಮಗೆ ಆ ಸಂಜೆ ಭಾರ ಎನಿಸುತ್ತದೆ. ಆರಾಧನೆಗೆ ತಪ್ಪದೆ ಹೋಗಿ, ಅವತ್ತು ಗುಡಿ ತುಂಬಿರುತ್ತದೆ, ಬೇಗ ಹೋದರೆ ಜಾಗ ಸಿಗುತ್ತದೆ. ನಿಮ್ಮ ಹಾಗೆ ಒಂಟಿಯಾಗಿರುವ ನರ್ಸ್‌ಗಳು ವಾರ್ಡಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಊಟಕ್ಕೆ ಕರೆಯಿರಿ. ಕರ್ಚಿಕಾಯಿ ಕಳಿಸುವ ಜವಾಬ್ದಾರಿ ನನ್ನದು.

ಅಳಿಯಂದಿರ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಪರೀಕ್ಷೆ ಕೊಡಬೇಕು. ಹೋಗಿ ಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ. ಬ್ಯುರ್ಗರ್‌ಬ್ಯೂರೋ ಕೆಲಸ ಮುಗಿದ ಕೂಡಲೇ ಏನು ಬರೆಸಿದಿರಿ ಎಂದು ನನಗೆ ತಿಳಿಸಿ. ನಿಮ್ಮಿಬ್ಬರಿಗಾಗಿ ದಿನಾ ಪ್ರಾರ್ಥಿಸುತ್ತಿದ್ದೇನೆ.

ನಿಮ್ಮ ಪ್ರೀತಿಯ
ದೊಡ್ಡಮ್ಮ