ಸರಕು ವಿಮಾನ ಅಪಘಾತ: ಅಂತಿಮ ವರದಿಯೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ಸರಕು ವಿಮಾನವೊಂದು ರನ್‌ವೇಯಲ್ಲಿ ಅಪಘಾತಕ್ಕೀಡಾದರೆ ಪ್ರಯಾಣಿಕರಿರಲಿಲ್ಲ ಎಂಬ ಕಾರಣಕ್ಕೆ ಅದು ನಮ್ಮ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಇದು ಸರಿಯಲ್ಲ ಎಂಬುದಕ್ಕೆ ಒಂದು ಪ್ರಕರಣವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

2009ರ ಮಾರ್ಚ್ 23ರ ಬೆಳಿಗ್ಗೆ ಚೀನಾದ ಗುವಾಂಗ್‌ಝೌನಿಂದ ಬಂದ, ಸರಕು ಸಾಗಣೆಯ ಫೆಡ್‌ಎಕ್ಸ್ ಸಂಸ್ಥೆಯ ಎಂ.ಡಿ.-11 ಮಾದರಿಯ ವಿಮಾನ ಟೋಕಿಯೊ ಸಮೀಪದ ನರಿಟಾದಲ್ಲಿ ಇಳಿಯುವಾಗ ಮಗುಚಿ ಹೊತ್ತಿ ಉರಿಯಿತು. ಒಳಗಿದ್ದ ಇಬ್ಬರು ಪೈಲಟ್‌ಗಳೂ ಮೃತಪಟ್ಟರು. ಬಿರುಗಾಳಿಯ ರಭಸ ಏರಿಳಿಯುತ್ತಿದ್ದ ಆ ಹೊತ್ತಿನಲ್ಲಿ, ನೆಲ ಸಮೀಪಿಸುತ್ತಿದ್ದಂತೆ ವಿಮಾನದ ಮೂತಿಯನ್ನು ತುಸು ಎತ್ತಿ ಇಳಿಯುವ ವೇಗ ತಗ್ಗಿಸುವ ಕೆಲಸ ತಡವಾಯಿತು. ಚಕ್ರಗಳು ಜೋರಾಗಿ ಬಡಿದು ವಿಮಾನ ಪುಟಿಯಿತು. ಮೂತಿಯನ್ನು ಕೆಳಗೊತ್ತಿದಾಗ ಎರಡನೆಯ ಸಲ ನೆಲ ಮುಟ್ಟಿ ಇನ್ನೂ ಎತ್ತರಕ್ಕೆ ನೆಗೆಯಿತು. ಮೂರನೆಯ ಸಲ ಅಪ್ಪಳಿಸಿದ ಹೊಡೆತ ಎಡಗಡೆಯ ಚಕ್ರದ ಕಂಬದಿಂದ ನೇರ ರೆಕ್ಕೆಗೆ ತಾಗಿ ರೆಕ್ಕೆ ಮುರಿಯಿತು, ಇಂಧನ ಹೊತ್ತಿಕೊಂಡಿತು. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಯಿತು.

ಪೈಲಟ್ ತಪ್ಪು ಎಂದು ಇಲ್ಲಿಗೇ ಕಡತ ಮುಚ್ಚಬಹುದಿತ್ತು. ಜಪಾನಿನ ಸಾರಿಗೆ ಸುರಕ್ಷತಾ ಮಂಡಳಿ ಹಾಗೆ ಮಾಡಲಿಲ್ಲ. ಅತಿಯಾದ ಹೊಡೆತ ಬಿದ್ದಾಗ ಚಕ್ರದ ಕಂಬ ತಾನೇ ಕಳಚಿಕೊಂಡು ರೆಕ್ಕೆಯನ್ನು ಉಳಿಸಲೆಂದು ಅದರ ಜೋಡಣೆಯಲ್ಲಿ ಮುರಿಯಬಲ್ಲ ಪಿನ್ನುಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಬೀಳುವ ಹೊಡೆತಕ್ಕೆ ಅವು ಮುರಿಯಲಿಲ್ಲ. ಮುರಿದಿದ್ದರೆ ಇಷ್ಟು ದೊಡ್ಡ ಬೆಂಕಿ ತಪ್ಪುವ ಸಾಧ್ಯತೆಯಿತ್ತು ಎಂದು 2013ರ ಅಂತಿಮ ವರದಿ ವಿನ್ಯಾಸದ ಪ್ರಶ್ನೆಯನ್ನೂ ಎತ್ತಿತು. ಮೂತಿಯ ಏರಿಳಿತವನ್ನು ಹಿಡಿತದಲ್ಲಿಡುವ ಬಾಲರೆಕ್ಕೆ ಈ ಮಾದರಿಯಲ್ಲಿ ಅದರ ಹಿಂದಿನ ಡಿ.ಸಿ.-10ಕ್ಕಿಂತ ಚಿಕ್ಕದು, ಇಳಿಯುವ ವೇಗವೂ ಹೆಚ್ಚು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ನನ್ನನ್ನು ಹೆಚ್ಚು ಕಾಡುವುದು ಇದು ಮೊದಲನೆಯದಲ್ಲ ಎಂಬ ಸಂಗತಿ. 1997ರಲ್ಲಿ ಅಮೆರಿಕದ ನ್ಯೂವಾರ್ಕ್‌ನಲ್ಲಿ ಇದೇ ಸಂಸ್ಥೆಯ ಇದೇ ಮಾದರಿಯ ವಿಮಾನ ಪುಟಿದು, ಬಲರೆಕ್ಕೆ ಮುರಿದು ಮಗುಚಿತ್ತು. ಒಳಗಿದ್ದ ಐವರು ಬದುಕುಳಿದರು. 1999ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ಚಂಡಮಾರುತದ ನಡುವೆ, ರೆಕ್ಕೆ ಮುರಿದು ಮಗುಚಿದ ಎಂ.ಡಿ.-11 ಪ್ರಯಾಣಿಕರನ್ನೇ ಹೊತ್ತಿತ್ತು; ಮೂವರು ಸತ್ತರು. 2010ರಲ್ಲಿ ರಿಯಾದ್‌ನಲ್ಲಿ ಇದೇ ಮಾದರಿಯ ಮತ್ತೊಂದು ಸರಕು ವಿಮಾನ ಪುಟಿದು ಸುಟ್ಟುಹೋಯಿತು. ವಿಮಾನ ಪುಟಿದಾಗ ಅದನ್ನು ಬಲವಂತವಾಗಿ ನೆಲಕ್ಕಿಳಿಸದೆ ಮೂತಿಯನ್ನು ಸ್ಥಿರವಾಗಿಟ್ಟುಕೊಂಡು ಮತ್ತೆ ಮೇಲೇರಬೇಕು. ಅದು ಪೈಲಟ್‌ಗೆ ಅವಮಾನವಲ್ಲ.

ಈ ಮಾತು ಮಂಗಳೂರಿನವರಿಗೆ ಅರ್ಥವಾಗದ್ದಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ ಸಹ ಪೈಲಟ್ ಮತ್ತೆ ಮೇಲೇರುವಂತೆ ಹೇಳಿದ್ದರೂ ಇಳಿಯುವುದನ್ನು ಮುಂದುವರಿಸಿದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು, 158 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ವಿಮಾನದ ಮಾದರಿ ಬೇರೆ, ರನ್‌ವೇ ಬೇರೆ, ಆದರೆ ಕೈಬಿಡಬೇಕಿದ್ದ ಇಳಿಕೆಯನ್ನು ಕೈಬಿಡದೆ ಹೋದದ್ದು ಒಂದೇ.

ಪ್ರಯಾಣಿಕರ ವಿಮಾನ ಅಪಘಾತಕ್ಕೀಡಾದರೆ ಮರುದಿನ ಉರಿಯುವ ವಿಮಾನದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ವರ್ಷಗಳ ನಂತರ ಕಾರಣ ತಿಳಿಸುವ ವರದಿ ಬಂದಾಗ ಯಾರೂ ಬರೆಯುವುದಿಲ್ಲ. ನಮ್ಮ ದೇಶದ ವಿಮಾನ ಅಪಘಾತ ತನಿಖಾ ಸಂಸ್ಥೆಯ ಅಂತಿಮ ವರದಿಗಳು ಸಾರ್ವಜನಿಕವಾಗಿ ಲಭ್ಯವಿವೆ. ಸರಕು ವಿಮಾನಗಳದ್ದೂ ಸೇರಿದಂತೆ ಅವುಗಳ ಸಾರಾಂಶವನ್ನು ತಿಳಿಗನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಮಂಗಳೂರು