ಅಪ್ಪನಿಗೆ, ಎರಡನೇ ಡಿಸ್ಕ್ ಯಾಕೆ ಅಂದರೆ

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಐಂಡ್‌ಹೋವನ್‌ನಲ್ಲಿ ಈಗ ಸಂಜೆ ಐದಕ್ಕೆಲ್ಲ ಕತ್ತಲೆ. ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಯಿತಾ? ಈ ಸಲ ಸುಲಿಯುವವರು ಸಿಕ್ಕರಾ?

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಪಾಪು ಬಿಡಲಿಲ್ಲ. "ಇನ್ನೊಂದು ಡಿಸ್ಕ್ ಹಾಕಿದ ಮೇಲೂ ಜಾಗ ಅಷ್ಟೇ ಇದೆ ಅಂತೀಯ. ದುಡ್ಡು ದಂಡ ಅಲ್ವಾ?" ಅಂದಿರಿ. ಸೊಸೈಟಿಯಲ್ಲಿ ಅಷ್ಟು ವರ್ಷ ಲೆಕ್ಕ ಬರೆದವರಿಗೆ ಹಾಗನ್ನಿಸದೆ ಇನ್ನೇನು!

ನಮ್ಮ ಡಬ್ಬಿ ನಿಮಗೆ ನೆನಪಿರಬೇಕು. ಬಾಗಿಲ ಪಕ್ಕದ ಮೀಟರ್ ಕಪಾಟಿನಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಹತ್ತಿರ ಕೂತಿರುವ, ಸೈನಾಲಜಿ ಕಂಪನಿಯದು. ಮನೆಯ ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲಕ್ಕೂ ಫೋಟೊ, ವಿಡಿಯೊ ಸಿಗುವುದು ಅಲ್ಲಿಂದಲೇ. ಅದರಲ್ಲಿ ಎರಡು ಡಿಸ್ಕ್‌ಗೆ ಜಾಗವಿದೆ. ಇಷ್ಟು ದಿನ ಒಂದೇ ಇತ್ತು, 4 ಟಿಬಿಯದು. ನೀವು ಸ್ಕ್ಯಾನ್ ಮಾಡಿಸಿದ ಹಳೇ ಆಲ್ಬಮ್‌ಗಳು, ಚಿಕ್ಕಮ್ಮನ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಎಲ್ಲ ಅದರಲ್ಲೇ. ಆ ಕ್ಯಾಸೆಟ್‌ನ ಟೇಪು ಈಗ ಅಂಟಿಕೊಂಡು ಹೋಗಿದೆ, ಇನ್ನೊಮ್ಮೆ ಓಡಿಸಲು ಆಗುವುದಿಲ್ಲ. ಒಂದು ದಿನ ಡಿಸ್ಕ್ ಕೈಕೊಟ್ಟಿದ್ದರೆ ಅಜ್ಜಿಯ ದನಿಯೂ ಹೋಗುತ್ತಿತ್ತು. ಒಳಗೆ ತಟ್ಟೆಗಳು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತವೆ, ಹಗಲೂ ರಾತ್ರಿ. ಸವೆಯದೆ ಇರುತ್ತದೆಯೇ?

ಹಾಗಾಗಿ ಎರಡನೆಯದನ್ನು ತಂದದ್ದು ಜಾಗಕ್ಕಲ್ಲ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬೀಳುತ್ತದೆ. ಒಂದು ಸತ್ತರೆ ಡಬ್ಬಿ ಬೀಪ್ ಅಂತ ಕೂಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ. ಸತ್ತದ್ದನ್ನು ತೆಗೆದು ಹೊಸದು ಹಾಕಿದರೆ ಆಯಿತು.

ಡಿಸ್ಕ್ ಕೊಳ್ಳುವಾಗ ಸ್ವಲ್ಪ ಹುಡುಕಾಡಿದೆ. ಹಳೆಯದಕ್ಕಿಂತ ಚಿಕ್ಕದು ನಡೆಯುವುದಿಲ್ಲ, ಅಷ್ಟೇ ಇರಬೇಕು ಇಲ್ಲ ದೊಡ್ಡದಿರಬೇಕು. ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತಿಸಿ ಬರೆಯುವ ಒಂದು ಜಾತಿಯ ಡಿಸ್ಕ್ ಬರುತ್ತದೆ. ಎಸ್‌ಎಂಆರ್ ಅಂತಾರೆ. ಒಂದೇ ಸಮನೆ ಬರೆಯುವ ಕೆಲಸ ಬಿದ್ದರೆ ಅದು ತೀರಾ ನಿಧಾನವಾಗುತ್ತದೆ. ಇಂಥ ಡಬ್ಬಿಗಳಿಗೇ ಅಂತ ಅದನ್ನು ಹೇಳದೆ ಕೇಳದೆ ಮಾರಿದ್ದಾರೆ ಅಂತ 2020ರಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ನಾನು ತಂದದ್ದು ಸೀಗೇಟ್‌ನ ಐರನ್‌ವುಲ್ಫ್, ಅದರಲ್ಲಿ ಆ ತಾಪತ್ರಯ ಇಲ್ಲ.

ಹಾಕುವ ಕೆಲಸ ಏನೇನೂ ಇಲ್ಲ. ಡಿಸ್ಕ್ ಕೂರಿಸುವ ಖಾಲಿ ಟ್ರೇ ಎಳೆದೆ, ಎರಡೂ ಬದಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಡಿಸ್ಕ್ ಕೂರಿಸಿ, ಪಟ್ಟಿ ಒತ್ತಿದೆ. ಟಕ್ ಅಂತು. ಸ್ಕ್ರೂಡ್ರೈವರ್ ಹುಡುಕಿ ಹಿಡಿದು ನಿಂತಿದ್ದ ಇವರಿಗೆ ನಿರಾಸೆಯಾಯಿತು. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಸ್ಟೋರೇಜ್ ಮ್ಯಾನೇಜರ್ ತೆರೆದು, ಹೊಸ ಡಿಸ್ಕನ್ನು ಹಳೇ ಡಿಸ್ಕ್ ಇರುವ ಗುಂಪಿಗೆ, ಅದಕ್ಕೆ ಪೂಲ್ ಅಂತಾರೆ, ಸೇರಿಸು ಅಂದೆ. ಹೊಸದರಲ್ಲಿ ಏನಿದ್ದರೂ ಅಳಿಸಿ ಹೋಗುತ್ತದೆ ಅಂತ ಎಚ್ಚರಿಸಿತು, ಸರಿ ಅಂದೆ. ಹಳೆಯದರ ತಂಟೆಗೆ ಬರುವುದಿಲ್ಲ.

ಕಾಯುವುದೇ ಜಾಸ್ತಿ. ಡಿಸ್ಕನ್ನು ಮೊದಲಿಂದ ಕೊನೆವರೆಗೆ ನಕಲು ಮಾಡುತ್ತದೆ. ಲೆಕ್ಕ ನೀವೇ ಹಾಕಿ: ಸೆಕೆಂಡಿಗೆ 150 ಎಂಬಿ ಅಂತ ಹಿಡಿದರೂ 4 ಟಿಬಿಗೆ ಏಳು ಗಂಟೆ ದಾಟುತ್ತದೆ, ಅದೂ ತಟ್ಟೆಯ ಒಳಸುತ್ತುಗಳಿಗೆ ಬಂದಾಗ ವೇಗ ಇಳಿಯುತ್ತದೆ. ಮಲಗುವ ಮುಂಚೆ ಶುರು ಮಾಡಿದ್ದು ಬೆಳಿಗ್ಗೆ ಕಾಫಿ ಹೊತ್ತಿಗೂ ಮುಗಿದಿರಲಿಲ್ಲ. ರಾತ್ರಿಯೆಲ್ಲ ಕಪಾಟಿನಿಂದ ಕರ್ ಕರ್ ಸದ್ದು. ಮುಗಿದ ಮೇಲೆ ಇವರು "ಒಂದನ್ನು ಎಳೆದು ನೋಡೋಣ, ನಡೆಯುತ್ತಾ ಅಂತ" ಅಂದರು. ಸುಮ್ನೆ ಇರಿ ಅಂದೆ. ಮತ್ತೆ ಅದೇ ಕರ್ ಕರ್ ಯಾರಿಗೆ ಬೇಕು?

ಇನ್ನೊಂದು, ನೀವು ಕೇಳೇ ಕೇಳುತ್ತೀರಿ ಅಂತ ಮೊದಲೇ ಹೇಳಿಬಿಡುತ್ತೇನೆ. 4 ಟಿಬಿ ಅಂತ ಕೊಂಡದ್ದು ಪರದೆಯಲ್ಲಿ 3.6 ಅಂತ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ತಯಾರಿಸುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ. ನಾನು ಒಂದು ಫೋಟೊ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಹೊಕ್ಕರೆ ಎರಡಕ್ಕೂ ಹೊಗುತ್ತದೆ. ಮನೆಗೆ ಕಳ್ಳ ಬಂದರೆ ಡಬ್ಬಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ತೋಟದ ಪತ್ರಗಳ ಜೆರಾಕ್ಸ್ ಮಾಡಿಸಿ ನೀವು ಶಿವಮೊಗ್ಗದ ಅತ್ತೆ ಮನೆಯಲ್ಲಿ ಇಟ್ಟಿದ್ದೀರಲ್ಲ, ಇದಕ್ಕೂ ಅಂಥದ್ದೊಂದು ಬೇಕು. ಜನವರಿಯಲ್ಲಿ ಇವರು ಬರುವಾಗ ಯುಎಸ್‌ಬಿಯ ಒಂದು ಚಿಕ್ಕ ಡಿಸ್ಕ್ ಕೊಟ್ಟು ಕಳಿಸುತ್ತೇನೆ. ಯಾವ ಲ್ಯಾಪ್‌ಟಾಪ್‌ಗೆ ಹಾಕಿದರೂ ತೆರೆಯುವ ಹಾಗೆ ಕಾಪಿ ಮಾಡಿದ್ದೇನೆ, ಬ್ಯಾಂಕಿನ ಕಾಗದ ಮಾತ್ರ ಹಾಕಿಲ್ಲ.

ಅದನ್ನು ಅಟ್ಟದ ಮೇಲೆ ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಚರ್ಮದ ಚಪ್ಪಲಿಗೇ ಬೂಷ್ಟು ಬರುತ್ತದೆ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ, ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಬೀರುವಿನಲ್ಲಿಡಿ. ಆರು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ಗೆ ಹಚ್ಚಿ ನಾಲ್ಕು ಫೋಟೊ ತೆರೆದು ನೋಡಿ. ಫಾರ್ಮ್ಯಾಟ್ ಮಾಡಲೇ ಅಂತ ಅದು ಕೇಳಿದರೆ ಬೇಡ ಅನ್ನಿ, ನನಗೆ ಫೋನ್ ಮಾಡಿ. ಸಿನಿಮಾ ತುಂಬಿಸಿಕೊಳ್ಳಲು ಡಿಸ್ಕ್ ಇದೆಯಾ ಅಂತ ಯಾರೇ ಬಂದರೂ, ನೆಂಟರೇ ಆದರೂ, ಇಲ್ಲ ಅಂದುಬಿಡಿ.

ಅದರಲ್ಲಿ 'ಗೊತ್ತಿಲ್ಲದವರು' ಅಂತ ಒಂದು ಫೋಲ್ಡರ್ ಇದೆ. ಅಜ್ಜನ ಕಾಲದ ಫೋಟೊಗಳು, ಯಾರು ಯಾರೋ ನಿಂತಿದ್ದಾರೆ. ನೀವೂ ಅಮ್ಮನೂ ಬಿಡುವು ಮಾಡಿಕೊಂಡು ಫೋಟೊದ ನಂಬರ್ ಹಾಕಿ ಹೆಸರು ಬರೆದು ಕಳಿಸಿ. ಅಮ್ಮ ಹೇಳಿದ್ದನ್ನೇ ಬರೆಯಿರಿ ಅಪ್ಪ, ನೆಂಟರ ಮುಖ ನಿಮಗಿಂತ ಅಮ್ಮನಿಗೇ ಚೆನ್ನಾಗಿ ನೆನಪಿರುವುದು.

ಇಂತಿ,
ನಿಮ್ಮ ಮಗಳು